ಮಡಿಲು ತುಂಬದೆ ಹೋದ ತಾಮ್ರ

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳ ಮೈ ಬಿಸಿ ಆರಿರಲಿಲ್ಲ. ಕಲ್ಲು, ಗಾಳಿ, ಹೊಳೆ ಎಲ್ಲವೂ ಮಾತಾಡುತ್ತಿದ್ದವು. ನೀನು ಮೊದಲು ಕಿವಿ ಕೆರೆಯುವುದನ್ನು ನಿಲ್ಲಿಸು, ಆಮೇಲೆ ಕತೆ.

ಆಗ ಹೊಳೆವ್ವನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರು. ದೊಡ್ಡವಳು ಚಿನ್ನ, ಚಿಕ್ಕವಳು ತಾಮ್ರ. ಇಬ್ಬರೂ ಪಾಚಿಯ ಹಾಸಿಗೆಯಲ್ಲಿ ಮಲಗಿ, ಅವ್ವನ ಜುಳುಜುಳು ಕೇಳುತ್ತ ಬೆಳೆದರು.

ಮನುಷ್ಯರು ಚಿನ್ನವನ್ನು ಕೇಳಿಕೊಂಡು ಬಂದಾಗ ಹೊಳೆವ್ವ ಅವಳಿಗೆ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ ಇಟ್ಟು, "ತವರು ಇಲ್ಲೇ ಇರತೈತಿ, ನೆನೆಸಿ ಕೊರಗಬ್ಯಾಡ" ಎಂದು ಕಳಿಸಿದಳು. ಚಿನ್ನ ನಿಶ್ಚಿಂತೆಯಿಂದ ಹೋದಳು. ಇವತ್ತಿಗೂ ಅವಳ ಮುಖ ಬಾಡುವುದಿಲ್ಲ.

ದಂಡೆಯ ಮೇಲೆ ಕಾಳವ್ವ ಎಂಬ ಬಡವಿ ಇದ್ದಳು. ಮಗಳು ನಿಂಗಿಗೆ ಕಿವಿ ಚುಚ್ಚಿಸಿ, ತೂತು ಮುಚ್ಚದಿರಲಿ ಎಂದು ಬೇವಿನ ಕಡ್ಡಿ ಸಿಕ್ಕಿಸಿದ್ದಳು. ಓರಗೆಯವರೆಲ್ಲ ಚಿನ್ನದ ಓಲೆ ಹಾಕಿಕೊಂಡು ಕುಣಿಯುವಾಗ ನಿಂಗಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ತಾಯಿಯ ಕರುಳು ಕೇಳಬೇಕಲ್ಲ.

ಕಾಳವ್ವ ಹೊಳೆಗೆ ಹೋಗಿ ತಾಮ್ರವನ್ನು ಕರೆದಳು. "ಬರ್ತೀಯೇನ ತಂಗೀ? ನನ್ನ ಮಗಳ ಕಿವಿಯಾಗ ಕುಂತು ಊರು ನೋಡೀಯಂತ."

ತಾಮ್ರ ಹಿಗ್ಗಿದಳು. "ನಡಿ, ಬರ್ತೀನಿ."

"ನಿಲ್ಲವಾ," ಹೊಳೆವ್ವ ಕೂಗಿದಳು. "ಮಡಿಲು ತುಂಬತೀನಿ. ಕೊಬ್ಬರಿ ಇನ್ನೂ ತಂದಿಲ್ಲ."

"ಆಮ್ಯಾಲ ತುಂಬೀಯಂತ, ಕಿವಿ ತೂತು ಮುಚ್ಚಿ ಹೋಗತೈತಿ!" ಕಾಳವ್ವ ತಾಮ್ರವನ್ನು ಸೆರಗಿಗೆ ಗಂಟು ಹಾಕಿಕೊಂಡು ನಡೆದೇಬಿಟ್ಟಳು. ಹೆಣ್ಣುಮಗಳನ್ನು ಬರಿಮಡಿಲಲ್ಲಿ ತವರಿನಿಂದ ಕರೆದೊಯ್ಯಬಾರದೆಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಲ್ಲಿನಂಥವಳಿಗೆ ಅದೆಲ್ಲ ಏಕೆ ಅಂದುಕೊಂಡಳು.

ತಾಮ್ರವನ್ನು ಬೆಂಕಿಯಲ್ಲಿ ಕಾಸಿ, ಬಡಿದು, ಬಾಗಿಸಿ ಓಲೆ ಮಾಡಿದರು. ನಿಂಗಿ ಬೀದಿ ತುಂಬ ಓಡಾಡಿದಳು. ಓಡಾಡಿ ಬೆವರಿದಳು. ಬೆವರ ಹನಿ ತಾಗಿದ್ದೇ ತಡ, ತಾಮ್ರ ಬೆಚ್ಚಿ ಕೇಳಿದಳು, "ಅವ್ವಾ, ಬಂದ್ಯಾ?"

ಅದು ಅವ್ವನಲ್ಲ, ಬರೀ ಉಪ್ಪುನೀರು. ತಾಮ್ರ ಅತ್ತಳು. ಅತ್ತು ಅತ್ತು ಹಸಿರಾದಳು. ಆ ಕಣ್ಣೀರು ಇಳಿದು ನಿಂಗಿಯ ಕಿವಿ ತುರಿಸಿತು, ಕೆಂಪಗೆ ಊದಿತು, ಕೀವು ಕಟ್ಟಿತು. ಮಗು ಜ್ವರದಲ್ಲಿ ನರಳಿತು.

ಕಾಳವ್ವ ಓಲೆ ಬಿಚ್ಚಿಕೊಂಡು ಹೊಳೆಗೆ ಓಡಿದಳು. "ತಪ್ಪಾತು ನಮ್ಮವ್ವಾ. ಈಗರ ಮಡಿಲು ತುಂಬು."

"ದಂಡಿ ದಾಟಿದ ಮ್ಯಾಲ ಎಲ್ಲೀ ಮಡಿಲು?"

"ಹಂಗಾರ ನಿನ್ನ ಮಗಳನ್ನ ನೀನ ಇಟ್ಕೋ."

ಹೊಳೆವ್ವ ಆಸೆಯಿಂದ ಓಲೆಯನ್ನು ಎತ್ತಿಕೊಂಡಳು. ಆದರೆ ನೀರು ತಾಗಿದಷ್ಟೂ ತಾಮ್ರದ ಮೈ ಕಪ್ಪಾಗಿ ಸವೆಯತೊಡಗಿತು. ಬೆಂಕಿ ಕಂಡು ಬಂದ ಮೈಗೆ ಅವ್ವನ ತಂಪು ಒಗ್ಗಲಿಲ್ಲ. ಹೊಳೆವ್ವ ಗಾಬರಿಯಾಗಿ ಮಗಳನ್ನು ಮರಳಿ ದಂಡೆಗೆ ಇಟ್ಟಳು.

"ಒಯ್ಯಿ," ಎಂದಳು ಕೊನೆಗೆ. "ಜಳಕ ಮಾಡೂಮುಂದ ಇಕಿನ್ನ ಬಿಚ್ಚಿಡು. ಬೆವರು ಕಂಡ್ರ ಒಣ ಬಟ್ಟಿಲೆ ಒರಸು. ಹತ್ತಿಯೊಳಗ ಸುತ್ತಿಡು. ಜೇನಿನ ಕಡಿಂದ ಮೇಣ ಬೇಡಿ ಮೈತುಂಬ ಸವರು. ನನ್ನ ದನಿ ಇಕಿಗೆ ಕೇಳಬಾರದು. ಕೇಳಿದ್ರ ಅಳತಾಳ."

"ಮತ್ತ ನೀನು?"

"ನಾ ಹರೀತೀನಿ ಬಿಡು."

ಜೇನು ಮೇಣ ಕೊಟ್ಟಿತು. ನಿಂಗಿಯ ಕಿವಿ ವಾಸಿಯಾಯಿತು. ತಾಮ್ರ ಕೂಡ ಸುಮ್ಮನಾದಳು. ಮಗಳಿಗೆ ತನ್ನ ನೆನಪಾಗದಿರಲಿ ಎಂದು ಬೇಡಿಕೊಂಡ ತಾಯಿ ಆ ಹೊಳೆವ್ವನೊಬ್ಬಳೇ. ನನಗಂತೂ ಅವಳನ್ನು ನೆನೆದರೆ ಸಂಕಟವಾಗುತ್ತದೆ.

ಆದರೆ ಮೇಣ ಸವೆಯುತ್ತದಲ್ಲ. ನಿಮ್ಮಮ್ಮ ತಾಮ್ರ ಬೆರೆತ ನಿನ್ನ ಅಗ್ಗದ ಓಲೆಯ ಕಡ್ಡಿಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಬಳಿಯುವುದು, ಸ್ನಾನಕ್ಕೆ ಮೊದಲು ಬಿಚ್ಚು ಎಂದು ಗದರುವುದು ಅದಕ್ಕೇ. ನಿನ್ನೆ ನೀನು ಬಿಚ್ಚಲಿಲ್ಲ. ಈಗ ನಿನ್ನ ಕಿವಿಯ ಮೇಲೆ ಕಾಣುವ ಆ ಹಸಿರು ಕಲೆ, ತಾಮ್ರಕ್ಕೆ ನೆನಪಾದ ತವರಿನ ಪಾಚಿ, ಮಗೂ.