ನಾಲ್ಕು ಕೋಡಿನ ರೂಟರ್

ಮಲಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ಶಿಷ್ಯ ಅಂತ ಇದ್ದವನು ಒಬ್ಬನೇ, ಕಲ್ಲಯ್ಯ. ಒಳ್ಳೆಯ ಮನುಷ್ಯ. ಆದರೆ ಎರಡು ದಾರಿ ಕಂಡರೆ ನಡುವೆ ಕೂತುಬಿಡುವ ಪೈಕಿ.

ಗುರುಗಳು ಅಡವಯ್ಯಜ್ಜ. ದಿನಾ ಬೆಳಗ್ಗೆ ಹೊಳೆಗೆ ಮುಖ ಮಾಡಿದ ಕಟ್ಟೆಯ ಮೇಲೆ ಕೂತು ಒಂದು ತಾಸು ಪಾಠ ಹೇಳುತ್ತಿದ್ದರು.

ಮಠದಲ್ಲಿ ಮೂವತ್ತು ವರ್ಷ ರೊಟ್ಟಿ ಬಡಿದ ನೀಲವ್ವ ಆ ಪಾಠವನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಈಗ ಸೊಂಟ ಮುರಿದುಕೊಂಡು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದ್ದಳು. ಪಾಠದ ಹೊತ್ತಿಗೆ ಕಲ್ಲಯ್ಯ ಅವಳಿಗೆ ವಿಡಿಯೋ ಕಾಲ್ ಹಚ್ಚುತ್ತಿದ್ದ. ಆ ದಂಡೆಯಲ್ಲಿ ಮೊಬೈಲ್ ಸಿಗ್ನಲ್ ಎಂಬುದು ಇಲ್ಲವೇ ಇಲ್ಲ. ಇದ್ದದ್ದು ಮಠದ ವೈಫೈ ಒಂದೇ. ಅದೂ ಕಟ್ಟೆಯ ತನಕ ಬರುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು.

“ತಮ್ಮಾ, ಅಜ್ಜಾರ ಬಾಯಿ ಆಡ್ತೈತಿ, ದನಿ ಬರವಲ್ದು,” ಅಂದಳು ನೀಲವ್ವ. “ನಾಡದು ಹತ್ತಕ್ಕ ಆಪರೇಶನ್ ಐತಿ. ಅಂಜಿಕಿ ಬರಾಕತ್ತೇತಿ ನನಗ. ಅವತ್ತೊಂದಿನ ಅವರ ದನಿ ಕೇಳಿ ಒಳಗ ಹೋಗ್ತೀನಿ. ಅಷ್ಟು ಮಾಡಿಕೊಡಪಾ.”

ಕಲ್ಲಯ್ಯ ಅವತ್ತೇ ಪೇಟೆಗೆ ಓಡಿದ. ನಾಲ್ಕು ಆಂಟೆನಾ ಕೋಡಿನ ಹಾಗೆ ಎದ್ದು ನಿಂತ ಡ್ಯುಯಲ್ ಬ್ಯಾಂಡ್ ರೂಟರ್ ತಂದ.

ಅಂಗಡಿಯವನು ಹೇಳಿಕೊಟ್ಟಿದ್ದ: ಇದರಲ್ಲಿ ಬ್ಯಾಂಡ್ ಎರಡು. ಟೂ ಪಾಯಿಂಟ್ ಫೋರ್ ದೂರ ಹೋಗುತ್ತೆ, ಆದರೆ ನಿಧಾನ. ಫೈವ್ ಬಲು ಬಿರುಸು, ಆದರೆ ಗೋಡೆ ಅಡ್ಡ ಬಂದರೆ ಸುಸ್ತು. ಯಾವುದು ಬೇಕೋ ನೋಡಿ ಆರಿಸಿಕೊಳ್ಳಿ.

ಆರಿಸುವುದು! ಅದೂ ಕಲ್ಲಯ್ಯ!

ಮಠಕ್ಕೆ ಹೊಸದಾಗಿ ಏನೇ ಬರಲಿ, ಗಂಟೆಯಾಗಲಿ ಗಡಿಯಾರವಾಗಲಿ, ಅದರ ಜಾಗ ಗದ್ದಿಗೆಯ ಕೋಣೆ. ಹಿಂದಿನ ಗುರುಗಳ ಸಮಾಧಿ ಇರುವ, ಮೊಳ ದಪ್ಪದ ಕಲ್ಲುಗೋಡೆಯ ಕೋಣೆ. ಹಳೇ ರೂಟರ್ ಅಲ್ಲೇ ಇತ್ತು. ಹೊಸದನ್ನೂ ಅಲ್ಲೇ ಇಟ್ಟು, ವಿಭೂತಿ ಹಚ್ಚಿ, ಹೂ ಏರಿಸಿ, ಕೈ ಮುಗಿದು ಬಾಗಿಲು ಹಾಕಿದ.

ಕಟ್ಟೆಗೆ ಬಂದು ನೋಡಿದರೆ ಫೈವ್ ಕಾಣಲೇ ಇಲ್ಲ. ಟೂ ಪಾಯಿಂಟ್ ಫೋರ್ ಕಂಡಿತು, ಅದೂ ಒಂದೇ ಗೆರೆ. ಮರುದಿನ ಇಡೀ ಮಧ್ಯಾಹ್ನ ಇದನ್ನು ಬಿಟ್ಟು ಅದು, ಅದನ್ನು ಬಿಟ್ಟು ಇದು ಅಂತ ಒತ್ತಿ ಒತ್ತಿ ಬೆರಳು ನೊಂದವು.

“ಅಜ್ಜಾರ, ತಲಿ ಗಿರ್ ಅನ್ನಾಕತ್ತೇತ್ರಿ. ದೂರ ಹೋಗೋದು ಹಚ್ಚಲ್ಯೋ, ಬಿರುಸಿಂದು ಹಚ್ಚಲ್ಯೋ?”

ಅಜ್ಜ ಆಚೆ ದಂಡೆಯಲ್ಲಿದ್ದ ಹರಿಗೋಲಿನವನತ್ತ ಕೈಯೆತ್ತಿ ಕೂಗಿದರು. “ಏ ಲಾಡಸಾಬಾ, ಬಾ!”

ಅವನು ಹರಿಗೋಲು ಬಿಚ್ಚಿದ.

ಆಮೇಲೆ ಅಜ್ಜ ಕಲ್ಲಯ್ಯನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು. “ಅವನ ಹೆಂಡ್ತಿಗೆ ಜ್ವರಾ ಅಂತ. ಕಷಾಯ ಕುದಿಸಿಟ್ಟೇನಿ. ನೆನಪು ಮಾಡಿ ಕೊಟ್ಟು ಕಳಸು. ತಿಳೀತೇನು?”

“ಕಷಾಯದ್ದು ತಿಳೀತ್ರಿ. ಬ್ಯಾಂಡಿಂದು ತಿಳೀಲಿಲ್ಲ.”

“ಕೂಗಿದ್ದು ಯಾವ ಬಾಯಿ, ಪಿಸುಗುಟ್ಟಿದ್ದು ಯಾವ ಬಾಯಿ?”

“ಎರಡೂ ಒಂದ ಬಾಯ್ರಿ.” ಕಲ್ಲಯ್ಯ ತಲೆ ಕೆರೆದುಕೊಂಡ. “ಕೇಳಾವ್ರು ಎಲ್ಲಿದ್ದಾರ ನೋಡಿ…”

“ಹೂಂ?”

“ಹಂಗಾರ ಎಂಟು ಕೋಡಿಂದು ತರ್ಲೇನ್ರಿ?”

ಅಜ್ಜ ಹಣೆ ಹಣೆ ಬಡಿದುಕೊಂಡು ಎದ್ದು ಹೋದರು.

ಆಪರೇಶನ್ ದಿನ ಬೆಳಗಾಯಿತು. ಕಟ್ಟೆಯ ಸುತ್ತ ಎಂಟು ಹತ್ತು ಮಂದಿ ಕೂತಿದ್ದರು. ಗುರುಗಳ ಚಾಪೆ ಮಾತ್ರ ಖಾಲಿ. ಫೋನಿನಲ್ಲಿ ನೀಲವ್ವನ ಮುಖ ಒಮ್ಮೆ ಬಂದು, ಚೂರು ಚೂರಾಗಿ, ಅಲ್ಲೇ ನಿಂತುಬಿಟ್ಟಿತು. ಆಗಲೇ ಒಂಬತ್ತೂವರೆ.

ಕಲ್ಲಯ್ಯ ಫೋನ್ ಹಿಡಿದುಕೊಂಡೇ ಅಡಿಗೆಮನೆ ನೋಡಿದ, ಹೊಳೆಯ ಮೆಟ್ಟಿಲು ನೋಡಿದ, ದನದ ಕೊಟ್ಟಿಗೆ ನೋಡಿದ. ಕಡೆಗೆ ಗದ್ದಿಗೆಯ ಕೋಣೆಗೆ ಬಂದರೆ ಒಳಗಿನಿಂದ ಅಗಳಿ. ಬಾಗಿಲಿಗೆ ಕಿವಿ ಹಚ್ಚಿದ. ಏನೋ ಗುಂಯ್ ಅನ್ನುತ್ತಿತ್ತು.

“ಅಜ್ಜಾರ! ಒಳಗ ಏನು ಮಾಡಾಕತ್ತೀರಿ?”

“ಪಾಠಾ ಹೇಳಾಕತ್ತೇನಿ.”

“ಏನ್ರಿ? ಕೇಳವಲ್ದು!”

“ಪಾಠಾ!”

“ಯಾರಿಗ್ರಿ? ಮಂದಿ ಕಟ್ಟಿ ಮ್ಯಾಲೆ ಕುಂತಾರ!”

“ಮಠದಾಗ ಗದ್ದಿಗಿಗಿಂತ ದೊಡ್ಡ ಜಾಗಾ ಯಾವುದೈತೋ? ಗುರು ಅಂದಮ್ಯಾಲೆ ಇಲ್ಲೇ ಕುಂದರಬೇಕು.”

ಇವರಿಗೆ ಇವತ್ತೇ ಏನಾಯಿತು? ಕಲ್ಲಯ್ಯನಿಗೆ ದಿಕ್ಕೇ ತೋಚಲಿಲ್ಲ. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ದೊಡ್ಡ ಜಾಗಾ ತಗೊಂಡು ಏನ್ ಮಾಡ್ತೀರಿ! ನೀಲವ್ವಕ್ಕ ಅಲ್ಲಿ ಅಂಜಿ ಸಾಯಾಕತ್ತಾಳ, ಅಕಿಗೆ ದನಿ ಬೇಕು! ಮರ್ಯಾದಿ ಆಮ್ಯಾಲೆ ಮಾಡ್ತೀನಿ. ಮೊದಲ ಹೊರಗ ಬರ್ರಿ!”

ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಹನ್ನೊಂದು ವರ್ಷದಲ್ಲಿ ಗುರುಗಳ ಮುಂದೆ ದನಿ ಎತ್ತಿದವನಲ್ಲ.

ಅಗಳಿ ಸರಿಯಿತು. ಅಜ್ಜ ಕೆಮ್ಮುತ್ತಾ ಹೊಸ್ತಿಲು ದಾಟಿದರು. ಅವರ ಎರಡೂ ಕೈಯಲ್ಲಿ ರೂಟರ್. ವಿಭೂತಿ, ಹೂವು ಹಾಗೇ ಇದ್ದವು. ವೈರು ಹಿಂದೆ ಉದ್ದಕ್ಕೆ ಎಳೆದುಕೊಂಡು ಬಂದಿತ್ತು, ರೂಟರಿನ ದೀಪ ಉರಿಯುತ್ತಲೇ ಇತ್ತು. ಅದನ್ನು ತಂದು ಹೊರಗಿನ ಪಡಸಾಲೆಯಲ್ಲಿ ಕಟ್ಟೆಯ ಕಡೆಗಿದ್ದ ಕಿಟಕಿಯಲ್ಲಿಟ್ಟರು.

ಕಲ್ಲಯ್ಯನ ಕೈಯಲ್ಲಿದ್ದ ಫೋನು ಮಾತಾಡಿತು.

“ತಮ್ಮಾ! ಅಜ್ಜಾರ ಕೆಮ್ಮು ಸುದ್ದಾ ಕೇಳಾಕತ್ತೇತಿ ನೋಡು! ಮೈಯಾಗ ಜೀವಾ ಬಂದಂಗಾತು.”

ಅವನು ರೂಟರ್ ನೋಡಿದ, ಗುರುಗಳನ್ನು ನೋಡಿದ, ಮತ್ತೆ ರೂಟರ್ ನೋಡಿದ.

“ತಪ್ಪಾತ್ರಿ ಅಜ್ಜಾರ,” ಅಂದ. “ನಿಮಗ ಹಂಗ ಒದರಬಾರದಿತ್ತು.”

“ಹೊರಗ ಬರ್ರಿ ಅಂದಿ,” ಅಂದರು ಅಜ್ಜ. “ಇಬ್ರೂ ಬಂದೇವಲ್ಲ.”