ಗುಡ್ಡಪ್ಪ ನೆಟ್ಟ ನೀರುಗೋಲು

ಮತ್ತಿಕಾಡಿನ ನಡುವೆ ಒಂದು ಕೊಳ, ಕೊಳದ ದಂಡೆಯಲ್ಲಿ ಒಂದು ಚಪ್ಪಟೆ ಬಂಡೆ. ಹದಿನೈದು ದಿನಕ್ಕೊಮ್ಮೆ, ಬಿಸಿಲಿಗೆ ಬಂಡೆ ಬೆಚ್ಚಗಾಗುವ ಹೊತ್ತಿಗೆ, ಕಾಡಿನ ಯಜಮಾನರೆಲ್ಲ ಅಲ್ಲಿ ಸೇರುತ್ತಿದ್ದರು. ಯಜಮಾನರೆಂದರೆ ಹುಲಿ, ಆನೆ ಅಂದುಕೊಂಡಿರಾ ಮಕ್ಕಳೇ? ಅಲ್ಲ. ಅಂಥ ದೊಡ್ಡವರಿಗೆ ಸಭೆ ಯಾಕೆ, ಒಮ್ಮೆ ಕೂಗಿದರೆ ಸಾಕು, ಕೆಲಸ ಆಗುತ್ತದೆ. ಇವರು ಸಣ್ಣಪುಟ್ಟ ಯಜಮಾನರು. ಗೀಜಗಗಳ ಗೂಡುಕೇರಿಗೆ ಒಬ್ಬರು, ಅಳಿಲುಗಳ ಕಾಳಿನ ಕಣಜಕ್ಕೆ ಒಬ್ಬರು, ಮೀನು ಹಿಡಿಯುವ ನೀರುನಾಯಿಗಳಿಗೆ ಒಬ್ಬರು. ಹೀಗೆ ನಾಲ್ಕು ಜನರನ್ನು ಕಟ್ಟಿಕೊಂಡು ದಿನ ದೂಡುವವರು.

ಆ ಕೂಟಕ್ಕೊಂದು ಪದ್ಧತಿ ಇತ್ತು. ಪ್ರತಿ ಸಲವೂ ಯಾರಾದರೂ ಒಬ್ಬರು ತಾವು ಕಂಡುಕೊಂಡ ಒಂದು ಉಪಾಯವನ್ನು ತಂದು ತೋರಿಸಬೇಕು. ಉಳಿದವರು ಅದನ್ನು ಕಲಿತು ತಮ್ಮ ಕೇರಿಗೆ ಒಯ್ಯಬೇಕು. ಹೊಸದಾಗಿ ಪರಿಚಯವಾದವರಿಗೆ ಗುರುತಿಗೆಂದು ಒಂದು ಗರಿಯನ್ನೋ ಒಂದು ಕೂದಲನ್ನೋ ಕೊಟ್ಟು, "ಕಷ್ಟ ಅಂದಾಗ ಹೇಳಿಕಳಿಸಿ" ಎನ್ನಬೇಕು. ಒಳ್ಳೆಯ ಪದ್ಧತಿಯೇ. ಕೆಡಿಸುವವರು ಇಲ್ಲದಿದ್ದರೆ ಯಾವ ಪದ್ಧತಿ ತಾನೇ ಕೆಟ್ಟದ್ದು ಹೇಳಿ.

ಕೊಳದ ದಂಡೆಯಲ್ಲೇ ಹೆಗ್ಗಣಗಳ ಕೇರಿ. ಇಪ್ಪತ್ತು ಬಿಲಗಳಿದ್ದ ಆ ಕೇರಿಗೆ ಗುಡ್ಡಪ್ಪ ಯಜಮಾನ. ಒಳ್ಳೆಯವನು, ದುಡಿಯುವವನು, ತನ್ನವರೆಂದರೆ ಪ್ರಾಣ. ಆದರೆ ಅವನಿಗೊಂದು ರೋಗವಿತ್ತು. ತನಗೆ ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ಯಾರು ಏನು ಹೇಳಲು ಬಂದರೂ ಅರ್ಧದಲ್ಲೇ "ಗೊತ್ತು, ಗೊತ್ತು" ಎಂದು ಕೋಲೆಬಸವನ ಹಾಗೆ ತಲೆಯಾಡಿಸಿಬಿಡುತ್ತಿದ್ದ.

ಕೂಟಕ್ಕೆ ಅವನು ತಪ್ಪದೆ ಹೋಗುತ್ತಿದ್ದ, ನಿಜ. ಆದರೆ ಕಲಿಯುವುದಕ್ಕಲ್ಲ. ಎಲ್ಲರಿಗೂ ತನ್ನ ಮೀಸೆಯ ಕೂದಲನ್ನು ಕಿತ್ತು ಕೊಡುವುದು, ಅವರ ಗರಿಯನ್ನೋ ಕೂದಲನ್ನೋ ಇಸಿದುಕೊಳ್ಳುವುದು, ಮುಂದಿನವರ ಹತ್ತಿರ ಓಡುವುದು. ಅವರ ಕಸುಬೇನು, ಮನೆ ಎಲ್ಲಿ ಎಂದು ಕೇಳುವಷ್ಟು ಹೊತ್ತು ಅವನು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಹಾಗೆ ತಂದ ನಲವತ್ತು ಗುರುತುಗಳನ್ನು ತನ್ನ ಬಾಗಿಲಿಗೆ ತೋರಣದ ಹಾಗೆ ಕಟ್ಟಿಕೊಂಡಿದ್ದ. "ನೋಡಿ, ಕಾಡಿನಲ್ಲಿ ನನಗೆ ಗೊತ್ತಿಲ್ಲದವರು ಯಾರು?" ಎಂದು ಕೇರಿಯವರಿಗೆ ತೋರಿಸುತ್ತಿದ್ದ. ಪಾಪ, ಕೊಟ್ಟು ಕೊಟ್ಟು ಅವನ ಮೀಸೆಯಲ್ಲಿ ಆರೇ ಆರು ಕೂದಲು ಉಳಿದಿದ್ದವು.

ಮಳೆಗಾಲಕ್ಕೆ ಇನ್ನೇನು ಒಂದು ತಿಂಗಳಿದೆ ಎನ್ನುವಾಗ, ಕೂಟದಲ್ಲಿ ಕಲಿಸುವ ಸರದಿ ಏಡಿ ಕೆಂಪಜ್ಜಿಯದು. ಅಜ್ಜಿ ಒಂದು ಜೊಂಡಿನ ಕೋಲನ್ನು ತಂದು ಬಂಡೆಯ ಮೇಲಿಟ್ಟಳು. ಅದರ ಮೇಲೆ ಮೂರು ಗೆರೆ ಕೊರೆದಿತ್ತು.

"ಇದು ನೀರುಗೋಲು. ನೆಟ್ಟು ದಿನಾ ನೋಡಬೇಕು. ನೀರು ಮೊದಲ ಗೆರೆ ಮುಟ್ಟಿದರೆ ಎಚ್ಚರವಾಗಿರಿ. ಎರಡನೆಯದನ್ನು ಮುಟ್ಟಿದರೆ ಮರಿಗಳನ್ನು ಮೇಲಕ್ಕೆ ಸಾಗಿಸಿ. ಮೂರನೆಯದಕ್ಕೆ ಬಂದರೆ ಇದ್ದಬದ್ದದ್ದೆಲ್ಲ ಬಿಟ್ಟು ಏಳಿ. ಇನ್ನು, ಎಲ್ಲಿ ನೆಡಬೇಕು ಎಂಬುದು ಒಬ್ಬೊಬ್ಬರ ಮನೆಗೆ ಒಂದೊಂದು ಥರ. ನಿಮ್ಮ ಮನೆ ಹೇಗಿದೆ ಹೇಳಿ, ನಾನು ಜಾಗ ಹೇಳುತ್ತೇನೆ."

ಯಾರೂ ಬಾಯಿ ಬಿಡಲಿಲ್ಲ. ಇಂಥ ಕಡೆ ಯಾವಾಗಲೂ ಹಾಗೇ. ಒಬ್ಬರು ಕೇಳಲಿ ಎಂದು ಎಲ್ಲರೂ ಕಾಯುತ್ತಾರೆ.

ಕಡೆಗೆ ಗೌಜಲಹಕ್ಕಿ ನಿಂಗಮ್ಮ ಮೆಲ್ಲಗೆ ರೆಕ್ಕೆ ಎತ್ತಿದಳು. ಆಕೆ ಯಜಮಾನಿಕೆಗೆ ಹೊಸಬಳು. ಅವಳ ಹಿಂಡು ದಂಡೆಯ ಹುಲ್ಲಿನಲ್ಲಿ ಗೂಡು ಮಾಡಿತ್ತು.

"ಅಜ್ಜಿ, ಕೋಲನ್ನು ಗೂಡಿನ ಹತ್ತಿರ ನೆಡಬೇಕೋ, ಇಲ್ಲ ನೀರಿನ..."

ಅಷ್ಟರಲ್ಲಿ ಗುಡ್ಡಪ್ಪ ಹೊಟ್ಟೆ ಕುಲುಕಿಸಿ ನಕ್ಕುಬಿಟ್ಟ. ಅಜ್ಜಿ ಮಾತಾಡುವಾಗೆಲ್ಲ ಅವನು ಮಂಗಟ್ಟೆ ಹಕ್ಕಿಯ ಯಜಮಾನನಿಂದ ಗರಿ ಇಸಿದುಕೊಳ್ಳುವುದರಲ್ಲಿದ್ದ. ಕಿವಿಗೆ ಬಿದ್ದದ್ದು ಅರ್ಧ.

"ಏನಮ್ಮ ನಿಂಗಮ್ಮ, ಒಂದು ಹಿಂಡಿಗೆ ಯಜಮಾನತಿ ನೀನು, ಒಂದು ಕೋಲು ನೆಡಲು ಬರುವುದಿಲ್ಲವೇ? ನಿನ್ನವರು ಕೇಳಿಸಿಕೊಂಡರೆ ಏನೆಂದಾರು?" ಎಂದ. ನಾಲ್ಕು ಜನ ಅವನ ಜೊತೆ ನಕ್ಕರು. ನಿಂಗಮ್ಮನ ಮುಖ ಸಣ್ಣಗಾಯಿತು. ಎತ್ತಿದ ರೆಕ್ಕೆಯನ್ನು ಮಡಚಿಕೊಂಡು ಕುಳಿತಳು.

"ನಗುವುದಕ್ಕೇನಿದೆ ಇದರಲ್ಲಿ?" ಎಂದು ಅಜ್ಜಿ ಗದರಿದಳು.

"ಬಿಡಿ ಅಜ್ಜಿ, ನಮಗೆಲ್ಲ ಗೊತ್ತು" ಎಂದು ಗುಡ್ಡಪ್ಪ ಎದ್ದೇಬಿಟ್ಟ. ಅವನ ಹಿಂದೆ ಎಲ್ಲರೂ ಎದ್ದರು. ಕೂಟ ಮುಗಿಯಿತು.

ಕೇರಿಗೆ ಬಂದು ಗುಡ್ಡಪ್ಪ ಒಂದು ಜೊಂಡು ಕಡಿದು ಮೂರು ಗೆರೆ ಕೊರೆದ. ಈಗ ನೆಡುವುದೆಲ್ಲಿ? ಆ ಪ್ರಶ್ನೆ ಬಂದಾಗ ಅವನಿಗೆ ಕಸಿವಿಸಿಯಾಯಿತು. ಕೆಂಪಜ್ಜಿಯ ಬಿಲ ಬಹಳ ದೂರವೇನಲ್ಲ. ಹೋಗಿ ಕೇಳಿಬಿಡೋಣ ಎಂದು ಹೊರಟ. ಅರ್ಧ ದಾರಿಗೆ ಬಂದಾಗ, ಅಜ್ಜಿಯ ಬಾಗಿಲಲ್ಲಿ ಯಾರೋ ನಿಂತಿರುವುದು ಕಂಡಿತು. ಯಾರೆಂದು ನೋಡುವ ಧೈರ್ಯವೂ ಅವನಿಗೆ ಬರಲಿಲ್ಲ. "ನಿಂಗಮ್ಮನನ್ನು ನೋಡಿ ನಕ್ಕವನು, ಈಗ ಅದನ್ನೇ ಕೇಳಲು ಬಂದೆಯಾ?" ಎಂದರೆ ಮುಖ ಎಲ್ಲಿಡುವುದು? ಸುಮ್ಮನೆ ತಿರುಗಾಡಲು ಬಂದವನ ಹಾಗೆ ಒಂದು ಹುಲ್ಲುಕಡ್ಡಿ ಕಚ್ಚಿಕೊಂಡು, ಬಂದ ದಾರಿಯಲ್ಲೇ ವಾಪಸಾದ.

ನಗಬೇಡಿ ಮಕ್ಕಳೇ. ಹಾಗೆ ಅರ್ಧ ದಾರಿಯಿಂದ ನಾನೂ ವಾಪಸಾಗಿದ್ದೇನೆ, ಒಂದಲ್ಲ, ಎಷ್ಟೋ ಸಲ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕಡೆಗೆ ಗುಡ್ಡಪ್ಪ ಕೋಲನ್ನು ತನ್ನ ತಲೆಬಾಗಿಲ ಮುಂದೆಯೇ ನೆಟ್ಟ. ಅಲ್ಲಾದರೆ ಬಂದವರಿಗೆಲ್ಲ ಕಾಣುತ್ತದೆ. ಬಾಗಿಲು ದಂಡೆಯ ಮೇಲೆ ಎತ್ತರದಲ್ಲಿತ್ತು. ಬಿಲ ಮಾತ್ರ ಅಲ್ಲಿಂದ ಇಳಿಜಾರಾಗಿ ಕೆಳಕ್ಕೆ ಹೋಗಿ, ಕೊಳದ ಮಟ್ಟಕ್ಕೆ ಸಮೀಪದಲ್ಲಿ ಒಂದು ಬೆಚ್ಚನೆಯ ಕೋಣೆಯಾಗುತ್ತಿತ್ತು. ಕೇರಿಯ ಮರಿಗಳೆಲ್ಲ ಮಲಗುತ್ತಿದ್ದದ್ದು ಆ ಕೋಣೆಯಲ್ಲೇ, ಒಟ್ಟು ಹತ್ತೊಂಬತ್ತು ಮರಿಗಳು. ಅವನ್ನು ನೋಡಿಕೊಳ್ಳುತ್ತಿದ್ದವಳು ಸಾಕವ್ವ. ಅವಳ ಸ್ವಂತ ಮರಿಯೂ ಅದರಲ್ಲಿತ್ತು, ಎಲ್ಲಕ್ಕಿಂತ ಚಿಕ್ಕದು, ಇನ್ನೂ ಸರಿಯಾಗಿ ಕಣ್ಣು ಬಿಡದ್ದು.

ಮಳೆಗಾಲ ಬಂತು. ಕೊಳದ ಸುತ್ತ ಅಂಥ ಮಳೆಯೇನೂ ಬೀಳಲಿಲ್ಲ. ಆದರೆ ಮೇಲಿನ ಗುಡ್ಡಗಳಲ್ಲಿ ಧೋ ಎಂದು ಸುರಿದಿತ್ತು. ಆ ನೀರೆಲ್ಲ ಸದ್ದಿಲ್ಲದೆ ಹರಿದು ಬಂದು ಕೊಳ ಸೇರುತ್ತಿತ್ತು.

ಒಂದು ದಿನ ಸಾಕವ್ವ ಮೇಲೆ ಬಂದು, "ಯಜಮಾನ್ರೇ, ಕೋಣೆಯ ನೆಲ ಯಾಕೋ ತಣ್ಣಗಿದೆ. ಕಾಲಿಗೆ ತೇವ ತಾಗುತ್ತಿದೆ. ಮರಿಗಳನ್ನು ಮೇಲಕ್ಕೆ ತರಲಾ?" ಎಂದು ಕೇಳಿದಳು.

ಗುಡ್ಡಪ್ಪ ಕೋಲಿನ ಕಡೆ ಕೈ ತೋರಿಸಿದ. "ನೋಡು, ಮೊದಲ ಗೆರೆಗೂ ನೀರು ಬಂದಿಲ್ಲ. ಕೋಲಿನ ಬುಡವೇ ಒಣಗಿದೆ. ಮಳೆಗಾಲದಲ್ಲಿ ನೆಲ ತಣ್ಣಗಾಗದೆ ಇನ್ನೇನಾಗುತ್ತದೆ?"

"ಕೆಳಗೊಮ್ಮೆ ಬಂದು ನೋಡುತ್ತೀರಾ?"

"ನೋಡುವುದೇನು, ನನಗೆ ಗೊತ್ತು. ನೀನು ನೆಮ್ಮದಿಯಾಗಿರು."

ಯಜಮಾನರು ಹೇಳಿದ ಮೇಲೆ ಮುಗಿಯಿತು. ಸಾಕವ್ವ ನೆಮ್ಮದಿಯಾಗಿ ಕೆಳಗಿಳಿದಳು. ಹಾಸಿಗೆಗೆ ಒಣಹುಲ್ಲು ತರಲೆಂದು ಮರುದಿನ ಮಧ್ಯಾಹ್ನ ಅವಳು ಹೊರಗೆ ಹೋದದ್ದೂ ಅದೇ ನೆಮ್ಮದಿಯಲ್ಲೇ.

ಹುಲ್ಲು ಹೊತ್ತು ಬಂದವಳು ಇಳಿಜಾರಿನಲ್ಲಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮೂತಿಗೆ ನೀರು ತಾಗಿತು. ದಾರಿ ಪೂರ್ತಿ ಮುಳುಗಿತ್ತು. ಕೆಳಗಿನಿಂದ ಮರಿಗಳು ಕಿಚಿಕಿಚಿ ಎನ್ನುವುದು ಮಣ್ಣಿನೊಳಗಿಂದ ಸಣ್ಣಗೆ ಕೇಳುತ್ತಿತ್ತು. ಸಾಕವ್ವ ಕೂಗಿಕೊಂಡಳು. ಗುಡ್ಡಪ್ಪ ಓಡಿ ಬಂದು ನೀರಿಗೆ ಹಾರಿದ. ಮುಳುಗಿದ, ಉಸಿರು ಕಟ್ಟಿ ಮೇಲೆ ಬಂದ. ಮತ್ತೆ ಮುಳುಗಿದ, ಮತ್ತೆ ಮೇಲೆ ಬಂದ. ಅಷ್ಟು ಆಳಕ್ಕೆ ಹೆಗ್ಗಣದ ಉಸಿರು ಸಾಲದು.

"ಯಾರನ್ನಾದರೂ ಕರೆಸಿ ಯಜಮಾನ್ರೇ, ನಿಮಗೆ ಎಲ್ಲರೂ ಗೊತ್ತಲ್ಲ" ಎಂದು ಕೇರಿಯವರು ಸುತ್ತ ನೆರೆದರು.

ಗುಡ್ಡಪ್ಪ ಬಾಗಿಲಿಗೆ ಓಡಿ ತೋರಣದ ಮುಂದೆ ನಿಂತ. ನಲವತ್ತು ಗುರುತು ಗಾಳಿಗೆ ಅಲ್ಲಾಡುತ್ತಿದ್ದವು. ಇದರಲ್ಲಿ ನೀರಿನೊಳಗೆ ಉಸಿರು ಹಿಡಿಯಬಲ್ಲವರು ಯಾರು? ಈ ಕಂದು ಕೂದಲು ಯಾರದು? ಆ ಬೂದು ಕೂದಲು ಯಾರದು? ಅವರ ಮನೆ ಎಲ್ಲಿ? ಒಂದೂ ಗೊತ್ತಿರಲಿಲ್ಲ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು, ಅವನು ಕೂದಲುಗಳನ್ನು ನೋಡುತ್ತಾ ಕಕ್ಕಾಬಿಕ್ಕಿಯಾಗಿ ನಿಂತಿದ್ದ.

ಗಲಾಟೆ ಕೇಳಿ ಗೌಜಲಹಕ್ಕಿ ನಿಂಗಮ್ಮ ಹಾರಿಬಂದಳು. ವಿಷಯ ತಿಳಿದು ಒಂದು ಗಳಿಗೆಯನ್ನೂ ಕಳೆಯಲಿಲ್ಲ. "ನೀರುನಾಯಿ ದ್ಯಾವಕ್ಕನನ್ನು ಕರೆತರುತ್ತೇನೆ. ಆಕೆಯ ಮನೆ ಇಲ್ಲೇ, ಹೊಂಗೆಮರದ ಬೇರಿನ ಕೆಳಗೆ" ಎಂದವಳೇ ಹಾರಿದಳು.

ದ್ಯಾವಕ್ಕ ಬಂದಳು. ಏನು, ಎತ್ತ ಎಂದು ಕೇಳಲಿಲ್ಲ. "ಕೋಣೆ ಯಾವ ಕಡೆಗಿದೆ?" ಎಂದಷ್ಟೇ ಕೇಳಿ ಮುಳುಗಿದಳು. ಕೋಣೆಯ ಚಾವಣಿಯ ಹತ್ತಿರ ಒಂದಿಷ್ಟು ಗಾಳಿ ಉಳಿದಿತ್ತು. ಮರಿಗಳು ಬೇರುಗಳನ್ನು ಕಚ್ಚಿಕೊಂಡು ನೇತಾಡುತ್ತಿದ್ದವು. ದ್ಯಾವಕ್ಕ ಒಂದೊಂದನ್ನೇ ಬಾಯಲ್ಲಿ ಹಿಡಿದು ತರತೊಡಗಿದಳು. ಗುಡ್ಡಪ್ಪನಿಗೆ ಮಾಡಲು ಏನೂ ಕೆಲಸವಿರಲಿಲ್ಲ. ದಂಡೆಯ ಮೇಲೆ ಒದ್ದೆಯಾಗಿ ನಿಂತಿದ್ದ.

"ನಿಂಗಮ್ಮ, ನಿನ್ನ ಗೂಡುಗಳು?" ಎಂದು ಮೆಲ್ಲನೆ ಕೇಳಿದ.

"ಮೊನ್ನೆಯೇ ಮೇಲಕ್ಕೆ ಸಾಗಿಸಿದೆವು ಗುಡ್ಡಪ್ಪಣ್ಣ. ನೀರು ಎರಡನೆಯ ಗೆರೆ ಮುಟ್ಟಿತ್ತು."

"ನಿನ್ನ ಕೋಲು ಎಲ್ಲಿ ನೆಟ್ಟಿದ್ದೆ?"

"ಮರಿಗಳು ಮಲಗುವ ಜಾಗಕ್ಕಿಂತ ಒಂದು ಮೊಳ ಕೆಳಗೆ, ನೀರಿನ ಅಂಚಿನಲ್ಲಿ. ಅಂದು ಕೂಟದಲ್ಲಿ ನಾನು ಕೇಳಲು ಹೊರಟದ್ದು ಅದನ್ನೇ. ನೀವೆಲ್ಲ ನಕ್ಕಿರಿ. ಅದಕ್ಕೇ ಆಮೇಲೆ ಅಜ್ಜಿಯ ಬಾಗಿಲಿಗೆ ಒಬ್ಬಳೇ ಹೋಗಿ ಕೇಳಿಕೊಂಡೆ." ಆಮೇಲೆ ತಲೆ ತಗ್ಗಿಸಿ ಹೇಳಿದಳು, "ನಾಚಿಕೆಪಡದೆ ಎಲ್ಲರೆದುರಿಗೇ ಕೇಳಬೇಕಿತ್ತು ಅಣ್ಣ. ನಿಮ್ಮ ಕಿವಿಗೂ ಬೀಳುತ್ತಿತ್ತು. ನನ್ನದೂ ತಪ್ಪೇ."

ಬೈದಿದ್ದರೆ ಗುಡ್ಡಪ್ಪ ತಡೆದುಕೊಳ್ಳುತ್ತಿದ್ದ. ತನ್ನ ಕೇರಿಯ ಮರಿಗಳನ್ನು ಉಳಿಸಬೇಕಾಗಿದ್ದ ಮಾತನ್ನು ತಾನೇ ನಕ್ಕು ಅಡಗಿಸಿದ್ದ, ಸಾಲದ್ದಕ್ಕೆ ಆ ಹಕ್ಕಿ ಈಗ ತನ್ನದೂ ತಪ್ಪು ಅನ್ನುತ್ತಿದೆ. ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ.

ಹದಿನೇಳು, ಹದಿನೆಂಟು. ಹದಿನೆಂಟನೆಯ ಮರಿಯನ್ನು ಇಳಿಸಿ ದ್ಯಾವಕ್ಕ ಮತ್ತೆ ಮುಳುಗಿದಳು. ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಬಾಯಿ ಖಾಲಿಯಿತ್ತು. ಇನ್ನೂ ಮೂರು ಸಲ ಹೋದಳು. ಮೂರು ಸಲವೂ ಹಾಗೇ ಬಂದಳು. ಬೇರು ಕಚ್ಚಿಕೊಳ್ಳಲು ಸಾಕವ್ವನ ಮರಿಗೆ ಇನ್ನೂ ಹಲ್ಲೇ ಬಂದಿರಲಿಲ್ಲ.

ಕೇರಿಯವರು ತಮ್ಮ ತಮ್ಮ ಮರಿಗಳನ್ನು ಅವುಚಿಕೊಂಡರು. ಸಾಕವ್ವ ಅಳಲಿಲ್ಲ. ನೆಟ್ಟಗೆ ಗುಡ್ಡಪ್ಪನ ಹತ್ತಿರ ಬಂದು ನಿಂತಳು. ಅವನು ಮೀಸೆಯೂ ಸರಿಯಾಗಿ ಉಳಿಯದ ಮುಖವನ್ನು ಎಲ್ಲಿ ಅಡಗಿಸುವುದೆಂದು ತಿಳಿಯದೆ ನೆಲ ನೋಡಿದ.

"ಯಜಮಾನ್ರೇ, ನನ್ನ ಕಾಲಿಗೆ ತೇವ ತಾಗಿತ್ತು. ನೀವು ಗೊತ್ತು ಅಂದಿರಿ. ಅದಕ್ಕೇ ನಾನು ನನ್ನ ಕಾಲನ್ನೇ ನಂಬಲಿಲ್ಲ. ನಿಜ ಹೇಳಿ, ನಿಮಗೆ ಗೊತ್ತಿತ್ತಾ?"

ಎಲ್ಲರೂ ಕೇಳುತ್ತಿದ್ದರು. ಕೇರಿಯವರು, ನಿಂಗಮ್ಮ, ದ್ಯಾವಕ್ಕ, ನಿಧಾನವಾಗಿ ನಡೆದು ಈಗಷ್ಟೇ ಬಂದು ತಲುಪಿದ ಕೆಂಪಜ್ಜಿ. ಗುಡ್ಡಪ್ಪ ಗೊತ್ತಿತ್ತು ಅಂದರೆ ಕೊಂದವನಾಗುತ್ತಾನೆ. ಗೊತ್ತಿರಲಿಲ್ಲ ಅಂದರೆ ನಿನ್ನೆ ಸುಳ್ಳು ಹೇಳಿದವನಾಗುತ್ತಾನೆ.

"ಗೊತ್ತಿರಲಿಲ್ಲ ಸಾಕವ್ವ" ಎಂದ. "ಕೋಲು ಎಲ್ಲಿ ನೆಡಬೇಕು ಅಂತ ನನಗೆ ಗೊತ್ತಿರಲಿಲ್ಲ. ಕೇಳಲು ನಾಚಿಕೆಯಾಯಿತು."



"ಗೊತ್ತಿಲ್ಲ ಅಂತ ನಿನ್ನೆ ಹೇಳಿದ್ದರೆ ಸಾಕಾಗಿತ್ತು. ನಾನೇ ಮರಿಗಳನ್ನು ಮೇಲೆ ತರುತ್ತಿದ್ದೆ" ಎಂದು ಹೇಳಿ ಸಾಕವ್ವ ಉಳಿದ ಹದಿನೆಂಟು ಮರಿಗಳ ಮೈ ಒರೆಸಲು ಹೋದಳು.

ನೀತಿ: ಗೊತ್ತಿಲ್ಲ ಎನ್ನಲು ನಾಚುವ ಯಜಮಾನನ ನಾಚಿಕೆಗೆ ಬೆಲೆ ತೆರುವವರು ಅವನನ್ನು ನಂಬಿದವರು.