ಗಡಿಕಲ್ಲಿನ ಹುಟ್ಟುಮಚ್ಚೆ

ಜೋಳದ ಹೊಲ ಉಳುತ್ತಿದ್ದ ಫಕ್ಕೀರಪ್ಪನಿಗೆ ಹಳೆಯ ಮಡಕೆಚೂರೊಂದು ಸಿಕ್ಕಿತು. ಎಂದಿನಂತೆ ಅದನ್ನು ಬದುವಿಗೆ ಎಸೆದ. ಅದು ಗಡಿಕಲ್ಲಿನ ಹಿಂದೆ ಬಿತ್ತು.

"ಯಾರನ್ನು ಕೇಳಿ ಮೇಲೆ ಬಂದೆ?" ಎಂದು ಗಡಿಕಲ್ಲು ಗದರಿತು. "ಈ ಹೊಲಕ್ಕೆ ಮೊದಲು ಬಂದವನು ನಾನು. ಮೂರು ತಲೆಮಾರಾಯಿತು!"

"ತಪ್ಪಾಯಿತು ಸ್ವಾಮಿ," ಎಂದಿತು ಚೂರು. "ಮೂರು ಸಾವಿರ ವರ್ಷದಿಂದ ಕೆಳಗೇ ಇದ್ದೆ, ತಮ್ಮ ಅಪ್ಪಣೆ ಬೇಕೆಂದು ಯಾರೂ ಹೇಳಲಿಲ್ಲ. ಅಂದಹಾಗೆ, ತಮ್ಮ ಬೆನ್ನ ಮೇಲಿನ ಆ ತಗ್ಗು ಯಾತರದು? ನಮ್ಮ ಕೇರಿಯಲ್ಲಿ ಕಾಳು ಅರೆಯುತ್ತಿದ್ದ ಕಲ್ಲಿಗೂ ಅಂಥದ್ದೇ ಇತ್ತು."

"ಅದು ಹುಟ್ಟುಮಚ್ಚೆ!" ಎಂದಿತು ಗಡಿಕಲ್ಲು.

ಬದುವಿನ ಚೂರುಗಳ ಸುದ್ದಿ ಕೇಳಿ ಉತ್ಖನನದವರು ಬಂದರು. ಅವರ ಮೇಡಂ ಗಡಿಕಲ್ಲಿನ ಬೆನ್ನು ಸವರಿ, "ಇದು ಅರೆಯುವ ಕಲ್ಲಲ್ವಾ, ಫಕ್ಕೀರಪ್ಪನವರೇ?" ಎಂದರು.

"ಉಳೂವಾಗ ನಮ್ಮಜ್ಜಗ ಸಿಕ್ಕಿತ್ರೀ. ಉದ್ದ ಐತಿ ಅಂತ ಇಲ್ಲೇ ನೆಟ್ಟಾನ."

ಹೊಸ ಗಡಿಕಲ್ಲು ನೆಟ್ಟು, ಹಳೆಯದನ್ನೂ ಚೂರನ್ನೂ ಒಂದೇ ಗೋಣಿಚೀಲಕ್ಕೆ ಹಾಕಿದರು. ಚೀಲದೊಳಗೆ ಕಲ್ಲು ಗದರಿತು:

"ಆ ಕಡೆ ಸರಿ. ಈ ಮೂಲೆ ಮೊದಲಿಂದಲೂ ನನ್ನದು."